ದೋನ್ಯಾ ಅನ್ನಿಸಿಕೊಳ್ಳದ ಎರ್ಮೆಲಿಂದ

ನಮ್ಮ ಕೇರಿಯಲ್ಲಿ ಇಗರ್ಜಿಯಲ್ಲಿ ಮದುವೆಯಾದವಳು ‘ದೋನ್ಯಾ’, ಅಂದರೆ ಅಮ್ಮಾವ್ರು. ಗಂಡನಿಗೆ ದಿನಾ ಪೊರಕೆ ತೋರಿಸಿದರೂ ದೋನ್ಯಾನೇ. ಮದುವೆಯಿಲ್ಲದೆ ಕೂಡಿ ಬಾಳುವವಳಿಗೆ ಬರೀ ಹೆಸರು. ಹಾಗಾಗಿ ಕುದುರೆ ಜೀನು ಹೊಲಿಯುವ ದೋನ್ ಎವಾರಿಸ್ತೊ ಜೊತೆ ಇಪ್ಪತ್ತೆಂಟು ವರ್ಷ ಬಾಳಿದ ಎರ್ಮೆಲಿಂದ ನಮಗೆಲ್ಲ ಬರೀ ಎರ್ಮೆ. ಅವನ ಉಂಗುರ ತೊಟ್ಟ ಹೆಂಡತಿ ಲಿಯೊನೋರ್ ಗ್ರನಾದಾ ಪಟ್ಟಣದಲ್ಲಿದ್ದಳು. ಪಕ್ಕದ ಮನೆಯ ನಾನೂ ಎರ್ಮೆಯನ್ನು ಬರೀ ಹೆಸರಿಟ್ಟೇ ಕರೆದವಳು. ಶನಿವಾರ ಅವಳು ಬಾಳೆಲೆಯಲ್ಲಿ ಕಟ್ಟಿ ಬೇಯಿಸುತ್ತಿದ್ದ ನಕತಮಾಲ್ ಕಡುಬು ಬಾಯಿ ಚಪ್ಪರಿಸಿ ತಿಂದು, “ಎರ್ಮೆ, ಇನ್ನೆರಡು ಕೊಡೇ” ಎಂದವಳೇ. ಸುಳ್ಳೇಕೆ ಹೇಳಲಿ?

ಒಮ್ಮೆ ಮಾತ್ರ ಅವಳು ನನ್ನೆದುರು ಬಾಯಿಬಿಟ್ಟಿದ್ದಳು. “ದೋನ್ಯಾ ಅನ್ನದಿದ್ರೆ ಕತ್ತೆ ಬಾಲ. ಆದ್ರೆ ಅವನು ಸತ್ತಾಗ ಪ್ರಾರ್ಥನೆಗೆ ಮುಂದೆ ಕೂರೋಕೆ ನನ್ನ ಬಿಡ್ತಾರೇನೇ?”

ಬಿಡಲಿಲ್ಲ. ಅವನು ತೀರಿಕೊಂಡ ಮೇಲೆ ಒಂಬತ್ತು ದಿನದ ಪ್ರಾರ್ಥನೆ ಶುರುವಾಯಿತು. ದೀಪದ ಪಕ್ಕದ ಮೊದಲ ಕುರ್ಚಿ ವಿಧವೆಯದು. ಪ್ರಾರ್ಥನೆ ಹೇಳಿಸುವ ದೋನ್ಯಾ ತ್ರಾನ್ಸಿತೊ, “ಗ್ರನಾದಾದಿಂದ ಅವ್ರು ಬರ್ತಾರೆ” ಎಂದು ಅದರ ಮೇಲೆ ಕಪ್ಪು ಶಾಲು ಹಾಸಿಬಿಟ್ಟಳು. ಎರ್ಮೆ ತನ್ನದೇ ಮನೆಯ ಅಡುಗೆಕೋಣೆಯಲ್ಲಿ ನಿಂತು ಎಂಟು ದಿನ ನಮಗೆಲ್ಲ ಕಾಫಿ ಸೋಸಿದಳು. ಮೂರು ವರ್ಷ ಹಾಸಿಗೆ ಹಿಡಿದವನ ಹೇಲು ಉಚ್ಚೆ ಬಾಚಿದವಳು! ಆ ಕಾಫಿಯನ್ನು ನಾನೂ ಕೂತೇ ಕುಡಿದೆ.

ಒಂಬತ್ತನೆಯ ಸಂಜೆ ಲಿಯೊನೋರ್ ಬಂದಳು. ಎಲುಬುಗೂಡಿನಂಥ ಮುದುಕಿ, ಕಣ್ಣು ಮಾತ್ರ ಚೂಪು. ಎಲ್ಲರೂ ಎದ್ದು ನಿಂತೆವು. ತ್ರಾನ್ಸಿತೊ ಶಾಲು ತೆಗೆದು, “ಕೂತ್ಕೊಳ್ಳಿ ದೋನ್ಯಾ” ಎಂದಳು.

ಲಿಯೊನೋರ್ ಕೂರಲಿಲ್ಲ. “ಅವನನ್ನ ನೋಡ್ಕೊಂಡೋರು ಎಲ್ಲಿ?” ಎಂದು ಕೇಳಿದಳು.

ಯಾರೋ ಅಡುಗೆಕೋಣೆಯತ್ತ ಕೈ ತೋರಿಸಿದರು. ಅವಳು ಹೋಗಿ ಬಾಗಿಲಲ್ಲಿ ನಿಂತಳು. ನಾವೆಲ್ಲ ಅವಳ ಹಿಂದೆ ಗುಂಪುಗೂಡಿದೆವು. ಇನ್ನೇನು ಜುಟ್ಟು ಹಿಡಿಯುತ್ತಾಳೆ ಎಂದೇ ನಾನು ಅಂದುಕೊಂಡಿದ್ದೆ.

“ಎರಡು ವರ್ಷ ಅವನ ಗೊರಕೆ ಕೇಳಿ, ಸಾಕಪ್ಪಾ ಅಂತ ಕೈಮುಗಿದವಳು ನಾನು,” ಎಂದಳು ಲಿಯೊನೋರ್. “ನೀವು ಇಪ್ಪತ್ತೆಂಟು ವರ್ಷ ಕೇಳಿದೀರಿ. ಬನ್ನಿ ದೋನ್ಯಾ ಎರ್ಮೆಲಿಂದಾ, ಆ ಕುರ್ಚಿ ನಿಮ್ದು.”

ಯಾರನ್ನು ಕರೆದರೆಂದು ಎರ್ಮೆ ಹಿಂದೆ ತಿರುಗಿ ನೋಡಿದಳು. ಅಲ್ಲಿ ಒಲೆ ಮಾತ್ರ ಇತ್ತು.

ನನಗೆ ತಡೆಯಲಾಗಲಿಲ್ಲ. ಗಳಗಳನೆ ಅಳುತ್ತಲೇ ನುಗ್ಗಿ ಅವಳ ಕೈಯಿಂದ ಕಾಫಿ ಪಾತ್ರೆ ಕಿತ್ತುಕೊಂಡೆ.

“ನಿಮ್ಮನ್ನೇ ಕಣ್ರೀ ದೋನ್ಯಾ. ಹೋಗಿ ಕೂತ್ಕೊಳ್ಳಿ. ಕಾಫಿ ನಾನು ಕೊಡ್ತೀನಿ.”