ಹಳ್ಳಕ್ಕೆ ಅಡ್ಡವಿದ್ದ ಮುಳ್ಳುಬೇಲಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಶಿರಾ ತಾಲ್ಲೂಕಿನಲ್ಲಿ ಸಣ್ಣ ಕೆರೆಗಳ ಉಸ್ತುವಾರಿಯ ಎಂಜಿನಿಯರ್ ಆಗಿದ್ದೆ. ಹುಲಿಕುಂಟೆ ಕಡೆಯ ಗುಡ್ಡದ ಮೇಲೆ ಹೂಳು ತುಂಬಿದ ಹಳೆಯ ಕಟ್ಟೆಯೊಂದಿತ್ತು. ಕೆಳಗೆ ಹಳ್ಳದ ದಡದಲ್ಲಿ ಕುರಿ ಸಾಕುವವರ ಹಟ್ಟಿ. ಕಟ್ಟೆ ಒಡೆದರೆ ಹಟ್ಟಿಯ ಗತಿಯೇನು ಎಂದು ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಲೆಕ್ಕವನ್ನು ತೂತುಗಳಾಗಿ ಕೊರೆದ ಪಂಚ್ ಕಾರ್ಡುಗಳನ್ನು ಹೊತ್ತು ಬೆಂಗಳೂರಿನ ಕಂಪ್ಯೂಟರ್ ಇದ್ದಲ್ಲಿಗೆ ಬಸ್ಸು ಹತ್ತುತ್ತಿದ್ದ ಕಾಲ ಅದು. ಕೆಸರಿನ ಓಟವನ್ನು ಲೆಕ್ಕಕ್ಕಿಳಿಸಲು ಯಾವ ಮಾಡೆಲ್, ಅಂದರೆ ಯಾವ ಲೆಕ್ಕದ ಮಾದರಿ, ಹಿಡಿಯಬೇಕೆಂಬುದೇ ಮೊದಲ ತಲೆನೋವು. ಮಣ್ಣು ಕಮ್ಮಿಯಿದ್ದರೆ ಕಣಗಳು ನೀರು ಹೋದತ್ತ ಹೋಗುತ್ತವೆ, ನೀರಿನ ಓಟ ಬದಲಾಗುವುದಿಲ್ಲ, ಲೆಕ್ಕ ಸಲೀಸು. ಮಣ್ಣು ಹೆಚ್ಚಾದರೆ ಕಣಗಳು ಒಂದಕ್ಕೊಂದು ತಾಗಿ ನೀರನ್ನೇ ತಡೆದು ಹಿಡಿಯುತ್ತವೆ. ಆಗ ನೀರು, ಮಣ್ಣು ಎರಡನ್ನೂ ಬೇರೆ ಬೇರೆ ಹರಿವುಗಳೆಂದು ಎಣಿಸುವ ಟೂ ಫ್ಲೂಯಿಡ್ ಮಾಡೆಲ್ ಬೇಕು. ಮೇಲಧಿಕಾರಿ ಸಲೀಸಾದದ್ದೇ ಸಾಕೆಂದರು. ನಾನು ಹೂಳಿನ ಸ್ಯಾಂಪಲ್ಲನ್ನು ಅವರ ಮೇಜಿನ ಮೇಲಿಟ್ಟು ಹಟ ಹಿಡಿದೆ.

ಕೊನೆಗೆ ಟೂ ಫ್ಲೂಯಿಡ್ ಮಾಡೆಲ್ಲಿನಲ್ಲೇ ಲೆಕ್ಕ ಹಾಕಿದಾಗ ಅಪಾಯ ಎಲ್ಲಿದೆಯೆಂದು ಕಂಡಿತು. ಹಟ್ಟಿಯ ಮುಳ್ಳುಬೇಲಿ ಹಳ್ಳಕ್ಕೂ ಅಡ್ಡವಾಗಿ ಹಾದುಹೋಗಿತ್ತು. ತೆಳು ನೀರಾದರೆ ಅದರೊಳಗೆ ಸೋಸಿ ಹೋಗುತ್ತಿತ್ತು. ಕೆಸರು ಮಾತ್ರ ಬೇಲಿಗೆ ಆನಿಕೊಂಡು ಮೇಲೇರಿ, ಒಮ್ಮೆಲೇ ಹಟ್ಟಿಗೆ ನುಗ್ಗುತ್ತಿತ್ತು.

ಹಟ್ಟಿಯ ಯಜಮಾನ ಕರಿಯಣ್ಣನನ್ನು ಕಂಡು, "ಹಳ್ಳದಲ್ಲಿರುವಷ್ಟು ಬೇಲಿ ಕಿತ್ತುಬಿಡಿ ಯಜಮಾನರೇ, ಕಟ್ಟೆ ರಿಪೇರಿ ಆಗುವವರೆಗೆ" ಎಂದೆ.

"ಚಿರತೆ ಬರಾದೇ ಆ ಹಳ್ಳದಾಗೆ ಸ್ವಾಮಿ" ಎಂದ ಕರಿಯಣ್ಣ. "ಕೆಸ್ರು ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಚಿರತೆ ಅಂಗಲ್ಲ, ದಿನಾ ಬತ್ತದೆ. ಬೇಲಿ ಕಿತ್ತಾಕ್ಬುಟ್ಟು ಮರಿಗಳ್ನ ಹೆಂಗೆ ಉಳುಸ್ಕಳಾನ?"

ಬೇಲಿ ಹಾಗೇ ಉಳಿಯಿತು. ರಿಪೇರಿ ಬೇಗ ಆಗಲೆಂದು ಮೇಲಿನವರಿಗೆ ಬರೆಯುತ್ತಲೇ ಇದ್ದೆ. ರಿಪೇರಿಗೆ ಮುಂಚೆ ಮಳೆ ಬಂತು.

ಕಟ್ಟೆ ಒಡೆದದ್ದು ಹಾಡಹಗಲಲ್ಲಿ. ಕೆಸರು ನನ್ನ ಲೆಕ್ಕದಂತೆಯೇ ಬೇಲಿಗೆ ನಿಂತಿತು, ಏರಿತು. ಹಟ್ಟಿಯವರು ಮಕ್ಕಳುಮರಿ ಎತ್ತಿಕೊಂಡು ಬಂಡೆ ಹತ್ತಿದರು. ಕರಿಯಣ್ಣ ಮಾತ್ರ ಬೇಲಿ ಕಡಿಯಲು ಹಳ್ಳದತ್ತ ಓಡಿದ. ಅವನು ಅಲ್ಲಿ ತಲುಪುವಷ್ಟರಲ್ಲಿ ಬೇಲಿ ಕಿತ್ತುಹೋಗಿ ಕೆಸರು ಅವನ ಮೇಲೆ ನುಗ್ಗಿತು. ಹೆಣ ಸಿಕ್ಕಾಗ ಮುಳ್ಳು ಬಿಡಿಸಿಯೇ ಎತ್ತಬೇಕಾಯಿತು.

ಅವನ ಹೆಂಡತಿ ಈರಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಆ ಎಂಜಿನೇರಪ್ಪ ಏಳಿದ್ದು ದಿಟ ಕಣಮ್ಮಿ ಅಂದ್ಬುಟ್ಟು ಮಚ್ಚು ತಗಂಡು ಓಡ್ದ ಕಣಪ್ಪ" ಎಂದಳು.

ಆರಿಸಿದ ಮಾಡೆಲ್ ಸರಿಯಿತ್ತು ಎಂದು ಕಚೇರಿಯಲ್ಲಿ ಬೆನ್ನು ತಟ್ಟಿದರು. ಒಂದು ಭಯ ತೋರಿಸಿ ಜನರನ್ನು ಎಬ್ಬಿಸುವವನು, ಅವರು ಆಗಲೇ ಹೊತ್ತಿರುವ ಇನ್ನೊಂದು ಭಯಕ್ಕೂ ದಾರಿ ತೋರಿಸಬೇಕು. ನನ್ನ ಕೆಲಸ ಕಲಿಸಿದ ಪಾಠ ಅದು. ಚಿರತೆ ಕಾಯಲು ಆ ಹಳ್ಳಕ್ಕೆ ನಾನು ಇಬ್ಬರು ಕಾವಲುಗಾರರನ್ನು ಕೊಡಿಸಿದ್ದರೆ, ಕರಿಯಣ್ಣ ಬೇಲಿಯನ್ನು ತಾನೇ ಕಿತ್ತಿರುತ್ತಿದ್ದ.