ಡಾಂಬರು ಮೆತ್ತಿದ ಕೈಗಳು

ದಾವಣಗೆರೆಯಿಂದ ನಂದಿಗುಡಿಗೆ ಹೊರಟಿದ್ದೆ. ಮಲೆಬೆನ್ನೂರು ದಾಟಿದ ಮೇಲೆ, ಹೊಸ ರಸ್ತೆಗೆ ಡಾಂಬರು ಹಾಕುತ್ತಿದ್ದಲ್ಲಿ ಬಸ್ಸು ನಿಂತಿತು. ಕೆಳಗಿಳಿದೆ. ಅಷ್ಟರಲ್ಲಿ ಹಾಲಮ್ಮ ಎಂಬ ರೈತ ಹೆಂಗಸು ಗದ್ದೆಯ ಬದುವಿನ ಮೇಲೆ ಸಕ್ಕರೆ ಡಬ್ಬಿ ಹಿಡಿದು ಬಂದರು.

"ಸೊಸೆ ಹೆತ್ತಾಳ್ರಪ್ಪಾ, ಹೆಣ್ಣು ಕೂಸು!" ಎಂದು ರಸ್ತೆ ಕೆಲಸದವರಿಗೆ ಹೇಳಿದರು. "ಮೊದಲ್ನೇ ಹೆರಿಗೆಗೆ ಹೊಂಟಾಗ ಇದೇ ದಾರಿ ಕೆಸರಾಗ ಟ್ರ್ಯಾಕ್ಟರ್ ಹೂತು, ಕೂಸು ಉಳೀಲಿಲ್ಲ. ಈ ಸಲ ಮಲೆಬೆನ್ನೂರಿಂದ ಇಲ್ಲೀತನಕ ನೀವು ಮುಗಿಸಿದ ರಸ್ತೆಯಾಗ ಆಂಬುಲೆನ್ಸ್ ಮನೆ ಬಾಗ್ಲಿಗೇ ಬಂತು. ಹೊತ್ತಿಗೆ ಸರಿಯಾಗಿ ಹರಿಹರ ಮುಟ್ಟಿದ್ವಿ."

ಕೆಲಸದವರು ನಗುತ್ತ ನಿಂತರು, ಕೈ ಮಾತ್ರ ಚಾಚಲಿಲ್ಲ. ಅಂಗೈತುಂಬ ಡಾಂಬರು ಮೆತ್ತಿತ್ತು. ಹಾಲಮ್ಮ ಒಬ್ಬೊಬ್ಬರ ಬಾಯಿಗೂ ತಾವೇ ಸಕ್ಕರೆ ಹಾಕಿದರು. ಆಮೇಲೆ ನನ್ನತ್ತ ಬಂದರು.

"ನಾನು ರಸ್ತೆ ಮಾಡಿದವನಲ್ಲಮ್ಮ" ಎಂದೆ.

"ಗೊತ್ತೈತೆ. ಇದರ ಮ್ಯಾಲೆ ಬಂದೋರಲ್ಲೇನ್ರಿ? ಬಾಯಿ ತೆಗೀರಿ."