ಕೊಡೆ ಮಾಮನೂ ನಮ್ಮ ಮನೆಯವರ ಟೇಪೂ

ನಮ್ಮ ಮನೆಯವರ ಕಸುಬು ಬೀಗ ರಿಪೇರಿ. ಮೂರು ಜನ ನಿಂತರೆ ನಾಲ್ಕನೆಯವರು ರಸ್ತೆಯಲ್ಲೇ ನಿಲ್ಲಬೇಕಾದಷ್ಟು ಚಿಕ್ಕ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕೀಲಿಕೈ. ಕೀ ಕೊರೆಯುವ ಯಂತ್ರದ ಹಿತ್ತಾಳೆ ಪುಡಿ ಅವರ ಹುಬ್ಬಿನ ಮೇಲೆ, ಅಂಗಿಯ ಜೇಬಿನಲ್ಲಿ, ಕೊನೆಗೆ ನನ್ನ ಹಾಸಿಗೆಯ ಮೇಲೂ ಮಿನುಗುತ್ತದೆ. ಕೆಲಸದಲ್ಲಿ ಮಹಾ ಅನುಮಾನದ ಮನುಷ್ಯ. ಹೊಸ ಕೀ ಕೊರೆದರೆ ಬೀಗಕ್ಕೆ ಹಾಕಿ ತಿರುಗಿಸಿ, ತೆಗೆದು, ಮತ್ತೆ ತಿರುಗಿಸಿ, ಗಿರಾಕಿಯ ಕೈಯಿಂದಲೂ ತಿರುಗಿಸಿ ನೋಡದೆ ಬಿಡುವವರಲ್ಲ. ಮನೆಯಲ್ಲೂ ಅಷ್ಟೇ. ಗ್ಯಾಸ್ ಆರಿಸಿದ್ಯಾ ಎಂದು ಕೇಳುತ್ತಾರೆ, ನಾನು ಹೂಂ ಎಂದ ಮೇಲೆ ತಾವೇ ಎದ್ದು ಹೋಗಿ ನೋಡಿ ಬರುತ್ತಾರೆ. ಇಂಥ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ವಸ್ತುವನ್ನು ಕಣ್ಣು ಮುಚ್ಚಿ ನಂಬಿದ್ದರು. ಅದು ಒಂದು ಬೆಕ್ಕಿನ ಕಾರ್ಟೂನು.

ಬರೀ ಕಾರ್ಟೂನು ಎಂದರೆ ಅವರಿಗೆ ಮೂಗಿನ ಮೇಲೆ ಕೋಪ. ‘ವಿಶೇಷ ಕಾರ್ಯಕ್ರಮ’ ಎನ್ನಬೇಕು. ಅವರು ಚಿಕ್ಕವರಿದ್ದಾಗ ವರ್ಷಕ್ಕೊಂದು ಸಲ, ಶಾಲೆಗೆ ರಜೆ ಬಿಟ್ಟ ವಾರ, ಟೀವಿಯಲ್ಲಿ ಅರ್ಧ ಗಂಟೆ ಬರುತ್ತಿತ್ತಂತೆ. ಒಂದು ಬೂದು ಬಣ್ಣದ ಬೆಕ್ಕು, ಕಂಕುಳಲ್ಲಿ ಒಂದು ಕೊಡೆ, ಹೆಸರು ಕೊಡೆ ಮಾಮ. ಮಳೆ ಬಂದರೆ ಕೊಡೆ ನೆನೆದೀತು ಎಂದು ಅದನ್ನು ಕೋಟಿನೊಳಗೆ ಬಚ್ಚಿಟ್ಟು ತಾನು ನೆನೆಯುವಷ್ಟು ಬುದ್ಧಿವಂತ. ಅದರ ಜೊತೆ ಒಂದೇ ಅಟ್ಟದಲ್ಲಿ ಬಿಡಾರ ಮಾಡಿಕೊಂಡಿರುವ ಇಲಿ, ಚಿಟಿಕೆ ಅಂತ. ಇಬ್ಬರೂ ಜಗಳ ಆಡುತ್ತಾರೆ, ರಾಜಿಯಾಗುತ್ತಾರೆ, ಮತ್ತೆ ಜಗಳ ಆಡುತ್ತಾರೆ. ಇಷ್ಟೇ ಕಥೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ‘ನಿಂಗೊಂದು ಮುಖ್ಯವಾದ್ದು ತೋರಿಸ್ಬೇಕು ಕಣೇ’ ಎಂದು ಇವರು ಗುಟ್ಟಾಗಿ ಹೇಳಿದಾಗ ನಾನು ಏನೇನೋ ಅಂದುಕೊಂಡು ತಲೆ ಬಾಚಿಕೊಂಡು ಬಂದಿದ್ದೆ. ತೋರಿಸಿದ್ದು ಈ ಬೆಕ್ಕನ್ನು.

ಅದರಲ್ಲೂ ಕೊನೆಯ ವರ್ಷ ಬಂದ ರೈಲ್ವೆ ಸ್ಟೇಷನ್ನಿನ ಕಥೆ ಎಂದರೆ ಇವರಿಗೆ ಪ್ರಾಣ. ಅದರ ಟೇಪು ಇವರ ಹತ್ತಿರ ಮಾತ್ರ ಇತ್ತು. ಟೇಪಾದರೂ ಎಂಥದ್ದು! ಇವರ ಸೋದರಮಾವನ ಮದುವೆಯ ವಿಡಿಯೋ. ಮದುವೆ ಮುಗಿದು ಉಳಿದ ಜಾಗದಲ್ಲಿ ಬೆಕ್ಕು ತುಂಬಿಕೊಳ್ಳಲಿ ಎಂದು ಹುಡುಗನಾಗಿದ್ದ ಇವರು ಗುಂಡಿ ಒತ್ತಿದ್ದರು. ಒತ್ತಿದ ಮರುಗಳಿಗೆಯೇ ಇಸ್ತ್ರಿ ಬಟ್ಟೆ ತಾ ಎಂದು ಅಮ್ಮ ಅಟ್ಟಿದ್ದರಿಂದ ಆವತ್ತು ಕೂತು ನೋಡಲು ಆಗಲಿಲ್ಲ. ಆಮೇಲೆ ಟೇಪು ಹಾಕಿ ನೋಡಿದರೆ, ಮಾಮನ ಮೇಲೆ ಮುನಿಸಿಕೊಂಡು ಚಿಟಿಕೆ ರೈಲು ಹತ್ತಿ ಹೋಗುತ್ತದೆ. ವಾಪಸು ಬರುತ್ತೇನೆಂದ ದಿನ ಮಾಮ ಸ್ಟೇಷನ್ನಿಗೆ ಹೋಗುತ್ತದೆ. ರೈಲು ಬರುತ್ತದೆ, ಜನ ಇಳಿಯುತ್ತಾರೆ, ಪ್ಲಾಟ್‌ಫಾರಂ ಖಾಲಿಯಾಗುತ್ತದೆ. ಬೆಕ್ಕು ಬೆಂಚಿನ ಮೇಲೆ ಒಂದೇ ಕೂತಿರುತ್ತದೆ. ಚಿತ್ರ ನಿಲ್ಲುತ್ತದೆ. ಟೇಪೂ ಅಲ್ಲಿಗೇ ಮುಗಿಯುತ್ತದೆ. ‘ಕಥೆ ಮುಗಿಯೋದಕ್ಕೂ ಟೇಪು ಮುಗಿಯೋದಕ್ಕೂ ಸರಿಹೋಯ್ತು ನೋಡು, ಅದಕ್ಕೂ ಯೋಗ ಬೇಕು’ ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಒಂದು ಕೀಯನ್ನು ಅಷ್ಟು ಸಲ ತಿರುಗಿಸಿ ನೋಡುವ ಮನುಷ್ಯನಿಗೆ ಈ ಯೋಗದ ಮೇಲೆ ಮಾತ್ರ ಒಂದು ದಿನವೂ ಅನುಮಾನ ಬರಲಿಲ್ಲ.

ಭಾನುವಾರ ಮಧ್ಯಾಹ್ನ ನಮ್ಮ ಹಜಾರದಲ್ಲಿ ಇವರ ಸಭೆ. ಇವರೂ ಸೇರಿ ಸದಸ್ಯರು ಮೂವರು. ಒಬ್ಬರು ಎದುರು ರಸ್ತೆಯ ಟೈಲರು. ತಾನು ಈ ಕಥೆಯನ್ನು ಬಂದ ದಿನವೇ ಪಕ್ಕದ ಮನೆಯ ಟೀವಿಯಲ್ಲಿ ನೋಡಿದ್ದೆ, ಈ ಕೊನೆ ನೋಡಿ ಗೊಳೋ ಎಂದು ಅತ್ತಿದ್ದೆ ಎಂದು ಸಾಕ್ಷಿ ಹೇಳುವವರು. ‘ಮಕ್ಕಳ ಕಾರ್ಯಕ್ರಮಕ್ಕೆ ಇಂಥ ಕೊನೆ ಇಡೋಕೆ ಎಷ್ಟು ಧೈರ್ಯ ಬೇಕು ಹೇಳಿ!’ ಎಂದು ಅವರು ಶುರು ಮಾಡಿದರೆ ‘ಮುಗೀತು ಅಂತ ಒಂದಕ್ಷರ ಇಲ್ಲ, ಒಂದು ಹಾಡಿಲ್ಲ!’ ಎಂದು ಇವರು ಒಗ್ಗರಣೆ ಹಾಕುತ್ತಾರೆ. ಪ್ರತಿ ಸಲವೂ ಮಾವನ ಮದುವೆಯನ್ನು ಓಡಿಸಿಕೊಂಡೇ ಬೆಕ್ಕಿನ ಹತ್ತಿರ ಹೋಗಬೇಕಾದ್ದರಿಂದ, ಆ ಮದುವೆಗೆ ಬಂದಿದ್ದವರೆಲ್ಲ ಟೈಲರಿಗೆ ನೆಂಟರಿಗಿಂತ ಹೆಚ್ಚು ಪರಿಚಯ. ಬೆಕ್ಕಿಗೆ ಒಂದು ಸಲ ಅಳುವುದು, ಚಹಾ ಕುಡಿಯುವುದು, ಮತ್ತೆ ಹಾಕಿ ಇನ್ನೊಂದು ಸಲ ಅಳುವುದು. ಬೆಳೆದ ಗಂಡಸರು, ಹೇಳಿಕೊಳ್ಳೋಕೆ ನಾಚಿಕೆಯಾಗುತ್ತದೆ.

ಮೂರನೆಯವರು ಔಷಧಿ ಅಂಗಡಿಯ ಅಕ್ಕ. ಇವರು ಅವರನ್ನು ಅಕ್ಕ ಎನ್ನುತ್ತಾರೆ, ಅವರು ಇವರನ್ನು ಬೀಗದಣ್ಣ ಎನ್ನುತ್ತಾರೆ. ಹೀಗಾಗಿ ಇಬ್ಬರಲ್ಲಿ ದೊಡ್ಡವರು ಯಾರೆಂದು ಇವತ್ತಿಗೂ ತೀರ್ಮಾನವಾಗಿಲ್ಲ. ಅವರು ನಮಗೆ ಗಂಟುಬಿದ್ದ ಕಥೆ ಬೇರೆಯೇ. ಅವರ ಗಂಡ ಬೇರೆ ಊರಲ್ಲಿ ಕೆಲಸವಿದೆ ಎಂದು ಹೋದವರು ಮೊದಮೊದಲು ಫೋನು ಮಾಡಿದರು, ಆಮೇಲೆ ಅದೂ ನಿಂತಿತು. ಬಾಗಿಲಿನ ಬೀಗ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತಿದ್ದರೂ ಅಕ್ಕ ಅದನ್ನು ಬದಲಾಯಿಸಲಿಲ್ಲ. ಯಾಕೆಂದರೆ ಅದರ ಇನ್ನೊಂದು ಕೀ ಗಂಡನ ಹತ್ತಿರ ಇತ್ತು. ಒಂದು ದಿನ ತೀರಾ ಆಗದೆ ಇವರನ್ನು ಕರೆಯಲು ಅಂಗಡಿಗೆ ಬಂದರು. ಅಂಗಡಿಯ ಪುಟ್ಟ ಟೀವಿಯಲ್ಲಿ ಆಗ ಸ್ಟೇಷನ್ನಿನ ಕಥೆ ಓಡುತ್ತಿತ್ತು.

‘ಹೊಸ ಬೀಗ ಹಾಕ್ಬಿಡ್ಲಾ?’ ಎಂದು ಇವರು ಕೇಳಿದರೆ ಅಕ್ಕ ‘ಬೇಡ ಬೇಡ, ಇದನ್ನೇ ಹೇಗಾದ್ರೂ ಸರಿ ಮಾಡ್ಕೊಡಿ, ಅವರು ಬಂದ್ರೆ ಹೊರಗೆ ನಿಲ್ಬೇಕಾಗುತ್ತೆ’ ಎಂದರು. ಇವರು ಸಾಮಾನು ಹೊಂದಿಸಿಕೊಳ್ಳುವಷ್ಟರಲ್ಲಿ ಬೆಂಚಿನ ಮೇಲೆ ಬೆಕ್ಕು ಒಂದೇ ಉಳಿದು ಚಿತ್ರ ನಿಂತಿತು. ಅಕ್ಕ ಖಾಲಿ ಟೀವಿಯನ್ನೇ ಸ್ವಲ್ಪ ಹೊತ್ತು ನೋಡಿ, ‘ಹೊಸದೇ ಹಾಕ್ಬಿಡಿ’ ಎಂದರು. ಅವತ್ತೇ ಹಾಕಿದರು. ಆ ಭಾನುವಾರದಿಂದ ಅಕ್ಕ ನಮ್ಮ ಮನೆಯವರೇ ಆಗಿಹೋದರು. ‘ಕಾಯೋದು ನಿಲ್ಸು ಅಂತ ನಂಗೆ ಹೇಳಿದ್ದು ಅದೊಂದೇ ಬೆಕ್ಕು ಕಣೇ. ಬೇರೆಯವರೆಲ್ಲ ತಾಳ್ಮೆಯಿಂದಿರು ಅಂದ್ರು’ ಎಂದು ನನಗೆ ಎಷ್ಟೋ ಸಲ ಹೇಳಿದ್ದಾರೆ. ಆಮೇಲೆ ಔಷಧಿ ಅಂಗಡಿ ದೊಡ್ಡದು ಮಾಡಿದರು, ಸ್ಕೂಟರು ಕಲಿತರು, ಹಲ್ಲು ಕಟ್ಟಿಸಿಕೊಂಡರು. ಇದೆಲ್ಲ ತನ್ನ ಟೇಪಿನ ಮಹಿಮೆ ಎಂದು ಇವರಿಗೆ ಒಳಗೊಳಗೇ ಒಂದು ಜಂಬವಿತ್ತು.

ಆ ಜಂಬ ಇಳಿದದ್ದು ಹೋದ ತಿಂಗಳು, ಒಂದು ಶನಿವಾರ. ಮಗಳು ಮೊಬೈಲು ಹಿಡಿದು ಕುಣಿಯುತ್ತ ಬಂದಳು. ‘ಅಪ್ಪಾ, ನಿನ್ನ ಮಾಮ ಸಿಕ್ಕಿದಾನೆ! ಎಲ್ಲಾ ಕಥೇನೂ ಹೊಸದಾಗಿ ಶುದ್ಧ ಮಾಡಿ ಇಂಟರ್‌ನೆಟ್ಟಿಗೆ ಹಾಕಿದಾರೆ. ತೊಳೆದು ಒಣಗಿಸಿದ ಹಾಗಿದಾನೆ ನೋಡು!’ ಎಂದು ಟೀವಿಗೆ ಜೋಡಿಸಿಕೊಟ್ಟಳು. ಸಭೆಗೆ ತೋರಿಸುವ ಮೊದಲು ತಾವು ಒಮ್ಮೆ ಪರೀಕ್ಷೆ ಮಾಡಬೇಕಲ್ಲ, ಇವರು ಕೂತರು. ನಾನು ಬಟ್ಟೆ ಮಡಚುತ್ತ ಪಕ್ಕದಲ್ಲಿದ್ದೆ. ರೈಲು ಬಂತು, ಜನ ಇಳಿದರು, ಪ್ಲಾಟ್‌ಫಾರಂ ಖಾಲಿಯಾಯಿತು, ಬೆಕ್ಕು ಕೂತಿತು. ಇವರು ಕರ್ಚೀಫು ತೆಗೆದರು. ಚಿತ್ರ ನಿಲ್ಲಲಿಲ್ಲ.

ರೈಲಿನ ಕೊನೆಯ ಡಬ್ಬಿಯಿಂದ ಗೊರಕೆ ಕೇಳಿಸಿತು. ಸಾಮಾನು ಇಡುವ ಹಲಗೆಯ ಮೇಲೆ, ಯಾರದೋ ಚೀಲದ ಹಿಂದೆ, ಚಿಟಿಕೆ ನಿದ್ದೆ ಹೊಡೆಯುತ್ತಿತ್ತು. ಗಾರ್ಡು ಬಾಲ ಹಿಡಿದು ಎಬ್ಬಿಸಿದ. ಅದು ಕಣ್ಣುಜ್ಜುತ್ತ ಇಳಿದು ಬಂದು ‘ಲೇಟಾಯ್ತಾ?’ ಎಂದಿತು. ಮಾಮ ಕೊಡೆಯಿಂದ ತಲೆಗೊಂದು ಮೊಟಕಿತು, ಇಬ್ಬರೂ ಜಗಳವಾಡುತ್ತ ಮನೆಗೆ ಹೋದರು. ಹಾಡು ಬಂತು. ಮುಗಿಯಿತು ಎಂದೂ ದಪ್ಪ ಅಕ್ಷರದಲ್ಲಿ ಬಂತು.

ನನಗೆ ನಗು ತಡೆಯಲಾಗಲಿಲ್ಲ, ಮಡಚಿದ ಬಟ್ಟೆಯ ಮೇಲೇ ಬಿದ್ದುಬಿಟ್ಟೆ. ‘ಅಯ್ಯೋ ನಿಮ್ಮ! ಮಲಗಿದ್ದ ಇಲಿಗೆ ಇಷ್ಟು ವರ್ಷ ತಿಥಿ ಮಾಡಿದ್ರಲ್ರೀ!’ ಎಂದೆ. ಇವರು ನಗಲಿಲ್ಲ. ಮುಖ ಸುಣ್ಣದಂತಾಗಿತ್ತು.

‘ಅಕ್ಕ ಬೀಗ ಬದಲಾಯಿಸಿದ್ದು ನನ್ನ ಅರ್ಧ ಟೇಪು ನೋಡಿ ಕಣೇ. ನಾಳೆ ಇದನ್ನ ನೋಡಿ, ಇನ್ನು ಸ್ವಲ್ಪ ದಿನ ಕಾಯ್ಬೇಕಿತ್ತೇನೋ ಅಂತ ಅವರಿಗೆ ಅನಿಸಿದ್ರೆ? ಒಂದು ಸಂಸಾರದ ಬಾಗಿಲು ಹಾಕಿದ ಹಾಗಾಯ್ತಲ್ಲೇ ನಾನು’ ಎಂದರು.

ನನ್ನ ನಗು ಅಲ್ಲೇ ನಿಂತಿತು. ಆ ಮಾತು ನನಗೂ ಹೊಳೆದಿರಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ. ‘ತೋರಿಸ್ದೇ ಇದ್ರೆ? ಪ್ರಪಂಚಕ್ಕೆಲ್ಲ ಸಿಗೋದನ್ನ ನೀವು ಬೀಗ ಹಾಕಿ ಇಟ್ಕೋತೀರಾ?’ ಎಂದೆ. ಆ ರಾತ್ರಿ ಇವರು ಗ್ಯಾಸು ಆರಿದೆಯಾ ಎಂದು ಕೂಡ ಕೇಳಲಿಲ್ಲ.

ಭಾನುವಾರ ಅಕ್ಕ ಮೆಟ್ಟಿಲು ಹತ್ತುತ್ತಲೇ ‘ಹೊಸದು ಬಂದಿದೆಯಂತೆ, ನಿಮ್ಮ ಮಗಳು ಹೇಳಿದ್ಲು, ಹಾಕಿ ಹಾಕಿ’ ಎಂದರು. ಇವರು ಶುರು ಮಾಡಿದರು ನಾಟಕ. ಟೀವಿ ಯಾಕೋ ಸರಿಯಿಲ್ಲ ಎಂದರು. ಟೀವಿ ಚೆನ್ನಾಗಿ ಹಾಡುತ್ತಿತ್ತು. ತಲೆನೋವು ಎಂದರು; ಅಕ್ಕ ಚೀಲದಿಂದ ಮಾತ್ರೆ ತೆಗೆದು ಕೈಗಿಟ್ಟರು. ಮಾತ್ರೆ ನುಂಗಿ, ಬೇರೆ ದಾರಿ ಕಾಣದೆ ಕಥೆ ಹಾಕಿದರು. ಬೆಕ್ಕು ಬೆಂಚಿನ ಮೇಲೆ ಕೂತ ಕ್ಷಣವೇ ಪಟ್ಟನೆ ಚಿತ್ರ ನಿಲ್ಲಿಸಿ, ಎದ್ದು ಟೀವಿಗೆ ಅಡ್ಡ ನಿಂತರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದ್ದರು.

‘ಅಕ್ಕ, ತಪ್ಪಾಗಿಹೋಗಿದೆ. ಇದು ಮುಗಿದಿರ್ಲಿಲ್ಲ. ನನ್ನ ಟೇಪು ಮುಗಿದಿತ್ತು ಅಷ್ಟೇ. ಮುಂದೆ ಇನ್ನೂ ಇದೆ.’

‘ಇದ್ರೆ ತೋರಿಸಿ. ಪಕ್ಕಕ್ಕೆ ಸರೀರಿ ಸ್ವಲ್ಪ’ ಎಂದರು ಅಕ್ಕ.

ಇವರು ಸರಿದರು. ಗೊರಕೆ, ಗಾರ್ಡು, ಬಾಲ, ಮೊಟಕು, ಹಾಡು ಎಲ್ಲ ಆಯಿತು. ನಾನು ಟೈಲರ ಕಡೆ ತಿರುಗಿದೆ. ‘ಏನ್ ಟೈಲರಣ್ಣ, ನೀವು ಅವತ್ತೇ ನೋಡಿ ಗೊಳೋ ಅಂತ ಅತ್ತಿದ್ರಲ್ಲ?’

‘ಅದು... ಪಕ್ಕದ ಮನೇಲಿ ಕರೆಂಟು ಹೋಗಿತ್ತೇನೋಪ್ಪ’ ಎಂದು ಟೈಲರು ಚಹಾದ ಲೋಟದೊಳಗೆ ಮುಖ ಹುದುಗಿಸಿದರು.

ಅಕ್ಕ ಇದ್ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಟೀವಿ ನೋಡುತ್ತಲೇ, ಔಷಧಿ ದಿನಕ್ಕೆ ಎಷ್ಟು ಸಲ ತಗೋಬೇಕು ಎಂದು ಹೇಳುವ ದನಿಯಲ್ಲಿ ಹೇಳಿದರು. ‘ನನ್ನ ಗಂಡ ವಾಪಸ್ ಬಂದಿದ್ರು. ನಿಮ್ಗೆ ಹೇಳಿರ್ಲಿಲ್ಲ ನಾನು.’

ಇವರು ಕುರ್ಚಿ ಎಳೆದುಕೊಂಡು ಕೂತರು.

‘ಹೊಸ ಬೀಗ ಹಾಕಿದ ಮಾರನೇ ವರ್ಷ. ನಾನು ಒಳಗೇ ಇದ್ದೆ. ಹೊರಗಿಂದ ಯಾರೋ ಕೀ ತಿರುಗಿಸ್ತಿದ್ರು. ಕೆಮ್ಮಿದ್ರಲ್ಲ, ಗೊತ್ತಾಯ್ತು ಅವರೇ ಅಂತ. ತಿರುಗಿಸಿದ್ರು, ತಿರುಗಿಸಿದ್ರು. ಬೆಲ್ ಒತ್ಲಿಲ್ಲ. ನನ್ನ ಹೆಸರು ಹಿಡಿದು ಕರೀಲಿಲ್ಲ. ಬೀಗಕ್ಕೆ ಬೈಯ್ದು, ಬಾಗಿಲಿಗೆ ಒಂದು ಸಲ ಒದ್ದು ಹೋದ್ರು.’

‘ನೀವೇನ್ ಮಾಡಿದ್ರಿ?’ ಎಂದು ಕೇಳಿದವರು ಟೈಲರು.

‘ಸುಮ್ನೆ ಕೂತಿದ್ದೆ. ಬರ್ದೇ ಇರೋರು ಬರಲ್ಲ ಅಂತ ಬೆಕ್ಕು ಹೇಳಿತ್ತಲ್ಲ, ಅದನ್ನೇ ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ದೆ. ಇವತ್ತು ನೋಡಿದ ಈ ಕೊನೇನ ಅವತ್ತೇ ನೋಡಿದ್ರೆ, ಪಾಪ ಎಲ್ಲೋ ನಿದ್ದೆ ಹೋಗಿಬಿಟ್ಟಿದ್ರೇನೋ ಅಂತ ನಾನೇ ಎದ್ದು ಬಾಗಿಲು ತೆಗೆದು, ಬಿಸಿನೀರು ಕಾಯಿಸಿ ಕೊಡ್ತಿದ್ದೆ ಕಣ್ರೀ. ಆಮೇಲೆ ಮತ್ತೆ ಅದೇ ಸಂಸಾರ. ನಿಮ್ಮ ಟೇಪು ಅಲ್ಲಿಗೇ ಮುಗಿದಿದ್ದು ಎಷ್ಟು ಒಳ್ಳೇದಾಯ್ತು ಬೀಗದಣ್ಣ.’

ನನಗೆ ಅಳು ನುಗ್ಗಿ ಬಂತು. ಆ ಬಾಗಿಲಿನ ಹಿಂದೆ ಒಬ್ಬರೇ ಉಸಿರು ಬಿಗಿಹಿಡಿದು ಕೂತಿದ್ದ ಹೆಂಗಸು, ಆ ವಾರವೂ ಇಲ್ಲಿಗೆ ಬಂದು, ನನ್ನ ಬಿಸ್ಕತ್ತು ಮೆತ್ತಗಾಗಿದೆ ಎಂದು ರೇಗಿಸಿ ಹೋಗಿರಬೇಕು. ನಮಗೆ ಒಂದು ಚೂರೂ ಗೊತ್ತಾಗಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬಂತು.

‘ಆವಾಗ್ಲೇ ಯಾಕಕ್ಕ ಹೇಳ್ಲಿಲ್ಲ? ನಾವೇನು ಸತ್ತುಹೋಗಿದ್ವಾ?’ ಎಂದು ಕೇಳಿಯೇಬಿಟ್ಟೆ.

‘ಹೇಳಿದ್ರೆ ನಿನ್ನ ಗಂಡ ಅಯ್ಯೋ ಪಾಪ ಅಂತ ಓಡಿಹೋಗಿ ಅವರನ್ನ ಕರ್ಕೊಂಡು ಬಂದು, ಬಾಗಿಲು ತೆಗೆದು ಒಳಗೆ ಬಿಡ್ತಿದ್ರು ಕಣೇ’ ಎಂದರು ಅಕ್ಕ. ‘ಬಂದೋರಿಗೆಲ್ಲ ಬಾಗಿಲು ತೆಗೆಯೋದೊಂದೇ ತಾನೆ ಅವರಿಗೆ ಗೊತ್ತಿರೋದು?’

ಇವರು ಕರ್ಚೀಫಿನಿಂದ ಮುಖ ಒರೆಸಿಕೊಂಡರು.